ನದಿ ಮಾಹಿತಿ ಸೇವೆ ಎಂದರೇನು? ಒಳನಾಡು ಹಡಗುಗಳಿಗೆ ದಾರಿ ತೋರುವ ಡಿಜಿಟಲ್ ವ್ಯವಸ್ಥೆಯ ಪೂರ್ಣ ಪರಿಚಯ

ಹೆದ್ದಾರಿಯಲ್ಲಿ ನಿನ್ನೆ ಇದ್ದ ದಾರಿ ಇಂದೂ ಅಲ್ಲೇ ಇರುತ್ತದೆ. ನದಿಯ ದಾರಿ ಹಾಗಲ್ಲ. ಮಳೆಗಾಲದಲ್ಲಿ ಹಡಗು ಸಲೀಸಾಗಿ ಸಾಗಿದ ಜಾಗದಲ್ಲಿ ಚಳಿಗಾಲದ ಹೊತ್ತಿಗೆ ಮರಳಿನ ದಿಬ್ಬ ಎದ್ದಿರಬಹುದು. ಪ್ರವಾಹ ಬಂದಾಗ ನೀರು ಏರಿ ಸೇತುವೆಯ ಕೆಳಗೆ ಹಡಗು ನುಸುಳುವಷ್ಟು ಎತ್ತರ ಉಳಿಯದೇ ಹೋಗಬಹುದು. ಹೀಗಾಗಿ ನದಿಯಲ್ಲಿ ಸರಕು ಸಾಗಿಸುವವರಿಗೆ ಹಡಗು, ಬಂದರು, ಡೀಸೆಲ್ ಎಷ್ಟು ಮುಖ್ಯವೋ ಇವತ್ತಿನ ಸರಿಯಾದ ಮಾಹಿತಿಯೂ ಅಷ್ಟೇ ಮುಖ್ಯ.

ಈ ಮಾಹಿತಿಯನ್ನು ಒಂದೆಡೆ ಸೇರಿಸಿ, ಹಡಗಿನ ಕ್ಯಾಪ್ಟನ್, ಲಾಕ್ ಗೇಟ್ ನಿರ್ವಾಹಕ, ಟರ್ಮಿನಲ್ ಸಿಬ್ಬಂದಿ, ಸರಕಿನ ಮಾಲೀಕ, ರಕ್ಷಣಾ ಪಡೆ ಎಲ್ಲರಿಗೂ ಅವರವರಿಗೆ ಬೇಕಾದಷ್ಟು ಹಂಚುವ ಡಿಜಿಟಲ್ ವ್ಯವಸ್ಥೆಗೆ ನದಿ ಮಾಹಿತಿ ಸೇವೆ, ಅಂದರೆ ರಿವರ್ ಇನ್ಫರ್ಮೇಷನ್ ಸರ್ವಿಸಸ್ ಎಂದು ಹೆಸರು. ಚಿಕ್ಕದಾಗಿ ಆರ್‌ಐಎಸ್. ಯುರೋಪಿನ ರೈನ್, ಡ್ಯಾನ್ಯೂಬ್ ನದಿಗಳಲ್ಲಿ ಬೆಳೆದ ಈ ವ್ಯವಸ್ಥೆ 2016ರಿಂದ ನಮ್ಮ ಗಂಗೆಯಲ್ಲೂ ಇದೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ, ಕರ್ನಾಟಕದ ನದಿಗಳಿಗೆ ಇದರಿಂದ ಏನು ಉಪಯೋಗ ಎಂಬ ವಿವರ ಇಲ್ಲಿದೆ.

ಭಾರತದ ಜಲಮಾರ್ಗಗಳು: ಒಂದು ನೋಟ

ದೇಶದ ಒಳನಾಡು ಜಲಸಾರಿಗೆಯನ್ನು ನೋಡಿಕೊಳ್ಳುವುದು ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರ. 1986ರಲ್ಲಿ ಸ್ಥಾಪನೆಯಾದ ಇದರ ಕೇಂದ್ರ ಕಚೇರಿ ದೆಹಲಿ ಪಕ್ಕದ ನೋಯ್ಡಾದಲ್ಲಿದೆ. ಅದೇ ವರ್ಷ ಪ್ರಯಾಗರಾಜ್‌ನಿಂದ ಹಲ್ದಿಯಾವರೆಗಿನ ಗಂಗಾ-ಭಾಗೀರಥಿ-ಹೂಗ್ಲಿ ನದಿಯ 1,620 ಕಿ.ಮೀ. ಉದ್ದದ ಹರಿವನ್ನು ರಾಷ್ಟ್ರೀಯ ಜಲಮಾರ್ಗ-1 ಎಂದು ಘೋಷಿಸಲಾಯಿತು. 1988ರಲ್ಲಿ ಬ್ರಹ್ಮಪುತ್ರದ 891 ಕಿ.ಮೀ., 1993ರಲ್ಲಿ ಕೇರಳದ ಪಶ್ಚಿಮ ಕರಾವಳಿ ಕಾಲುವೆ ಈ ಪಟ್ಟಿಗೆ ಸೇರಿದವು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ನಂತರ ಒಟ್ಟು ಸಂಖ್ಯೆ 111ಕ್ಕೆ ಏರಿತು.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಡಗು ಓಡುತ್ತದೆ ಎಂದಲ್ಲ. ಹಲವು ಜಲಮಾರ್ಗಗಳು ಇನ್ನೂ ಕಾಗದದ ಮೇಲಷ್ಟೇ ಇವೆ. ಆದರೂ ಒಟ್ಟಾರೆ ಸರಕು ಸಾಗಣೆ ಬೆಳೆದಿದೆ. 2013-14ರಲ್ಲಿ ಸುಮಾರು 1.8 ಕೋಟಿ ಟನ್ ಇದ್ದದ್ದು 2024-25ರಲ್ಲಿ 14.5 ಕೋಟಿ ಟನ್ ದಾಟಿದೆ. 2030ಕ್ಕೆ 20 ಕೋಟಿ ಟನ್ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಹಡಗುಗಳು ಹೆಚ್ಚಾದಂತೆ ಯಾವ ಹಡಗು ಎಲ್ಲಿದೆ, ಎಲ್ಲಿ ಎಷ್ಟು ನೀರಿದೆ ಎಂಬುದನ್ನು ಫೋನ್ ಕರೆಗಳಲ್ಲೇ ವಿಚಾರಿಸಿ ನಡೆಸುವುದು ಕಷ್ಟ.

ಎಲ್ಲವೂ ಆಳದ ಲೆಕ್ಕ

ನದಿ ಸಾರಿಗೆಯಲ್ಲಿ ಮೊದಲು ಕೇಳುವ ಪ್ರಶ್ನೆ: ನೀರು ಎಷ್ಟು ಆಳವಿದೆ? ಸರಕು ತುಂಬಿದ ಬಾರ್ಜ್ ನೀರಿನೊಳಗೆ 2.5 ಮೀಟರ್ ಮುಳುಗುತ್ತದೆ ಎಂದಿಟ್ಟುಕೊಳ್ಳಿ. ತಳಕ್ಕೆ ತಾಗದಂತೆ ಸಾಗಲು ಅದಕ್ಕಿಂತ ತುಸು ಹೆಚ್ಚೇ ಆಳ ಬೇಕು. ಮುನ್ನೂರು ಕಿ.ಮೀ. ದಾರಿಯಲ್ಲಿ ಎಲ್ಲೆಡೆ ನಾಲ್ಕು ಮೀಟರ್ ನೀರಿದ್ದು, ಒಂದೇ ಒಂದು ಕಡೆ 2.2 ಮೀಟರ್ ಇದ್ದರೂ ಆ ಬಾರ್ಜ್ ಅಲ್ಲಿ ನಿಂತುಬಿಡುತ್ತದೆ. ಅಂದರೆ ಇಡೀ ದಾರಿಯ ಅತ್ಯಂತ ತೆಳು ನೀರಿನ ಜಾಗವೇ ಹಡಗಿಗೆ ಎಷ್ಟು ಸರಕು ತುಂಬಬಹುದು ಎಂಬುದನ್ನು ನಿರ್ಧರಿಸುತ್ತದೆ. ಇದನ್ನೇ 'ಲಭ್ಯ ಕನಿಷ್ಠ ಆಳ' ಎನ್ನುತ್ತಾರೆ.

ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಹತ್ತಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಗುವ ಮೊದಲು, ಬೇಸಿಗೆಯಲ್ಲಿ ಹಿನ್ನೀರು ಇಳಿದ ವರ್ಷಗಳಲ್ಲಿ ಲಾಂಚ್‌ಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಮೊದಲೇ ಗೊತ್ತಿದ್ದವರು ಬೇರೆ ದಾರಿ ಹಿಡಿಯುತ್ತಿದ್ದರು, ಗೊತ್ತಿಲ್ಲದವರು ದಡದವರೆಗೆ ಬಂದು ವಾಪಸ್ ಹೋಗುತ್ತಿದ್ದರು. ಸಾವಿರ ಟನ್ ಸರಕು ಹೊತ್ತ ಬಾರ್ಜ್‌ಗೆ ಹೀಗಾದರೆ ನಷ್ಟ ಎಷ್ಟಾಗಬಹುದು ಎಂದು ಊಹಿಸಬಹುದು.

ಆಳ ಕಡಿಮೆ ಎಂದು ಹೊರಡುವ ಮೊದಲೇ ತಿಳಿದರೆ ಕಡಿಮೆ ಸರಕು ತುಂಬಿ ಕಳಿಸಬಹುದು, ಎರಡು ದಿನ ಕಾಯಬಹುದು ಅಥವಾ ರೈಲಿಗೆ ಹಾಕಬಹುದು. ನಡುದಾರಿಯಲ್ಲಿ ತಿಳಿದರೆ ಉಳಿಯುವ ದಾರಿ ಲಂಗರು ಹಾಕಿ ಕೂರುವುದು ಮಾತ್ರ.

ವ್ಯವಸ್ಥೆಯ ನಾಲ್ಕು ಆಧಾರಗಳು

ಜಗತ್ತಿನ ಎಲ್ಲೆಡೆ ನದಿ ಮಾಹಿತಿ ಸೇವೆ ನಿಂತಿರುವುದು ನಾಲ್ಕು ತಂತ್ರಜ್ಞಾನಗಳ ಮೇಲೆ.

1. ಎಲೆಕ್ಟ್ರಾನಿಕ್ ನದಿ ನಕ್ಷೆ: ನದಿಯ ಹರಿವು, ಹಡಗು ಸಾಗುವ ಕಾಲುದಾರಿ, ಆಳ, ಸೇತುವೆ, ತೇಲುಗುರುತು, ಲಾಕ್ ಗೇಟ್ ಎಲ್ಲವನ್ನೂ ಕ್ಯಾಪ್ಟನ್ ಮುಂದಿನ ಪರದೆಯಲ್ಲಿ ತೋರಿಸುತ್ತದೆ. ಉಪಗ್ರಹದ ನೆರವಿನಿಂದ ಹಡಗು ಈಗ ಎಲ್ಲಿದೆ ಎಂಬುದೂ ಅದೇ ನಕ್ಷೆಯ ಮೇಲೆ ಕಾಣುತ್ತದೆ.

2. ಹಡಗಿನ ಗುರುತು ಮತ್ತು ಜಾಡು: ಇದಕ್ಕೆ ಎಐಎಸ್ ಎಂಬ ಉಪಕರಣ ಬಳಸುತ್ತಾರೆ. ಹಡಗಿನ ಹೆಸರು, ಇರುವ ಜಾಗ, ವೇಗ, ದಿಕ್ಕು ಇಷ್ಟನ್ನೂ ಅದು ವಿಎಚ್ಎಫ್ ರೇಡಿಯೋ ಅಲೆಗಳಲ್ಲಿ ತಾನಾಗಿಯೇ ಬಿತ್ತರಿಸುತ್ತಿರುತ್ತದೆ. ಸುತ್ತಲಿನ ಹಡಗುಗಳೂ ದಡದ ಕೇಂದ್ರಗಳೂ ಅದನ್ನು ಹಿಡಿಯುತ್ತವೆ. ತಿರುವಿನ ಆಚೆ, ಮಂಜಿನ ಒಳಗೆ ಎದುರಿನಿಂದ ಬರುತ್ತಿರುವ ಹಡಗು ಕಣ್ಣಿಗೆ ಬೀಳುವ ಮೊದಲೇ ಪರದೆಯಲ್ಲಿ ಕಾಣುವುದು ಇದರಿಂದಲೇ.

3. ನಾವಿಕರಿಗೆ ಸೂಚನೆ: ನೀರಿನ ಮಟ್ಟ, ಹೂಳೆತ್ತುವ ಕೆಲಸ, ಮುಚ್ಚಿದ ಲಾಕ್, ಹೊಸ ಅಡೆತಡೆ ಮುಂತಾದ ತುರ್ತು ಸುದ್ದಿಗಳನ್ನು ನಿಗದಿತ ನಮೂನೆಯಲ್ಲಿ ಪ್ರಕಟಿಸುವುದು.

4. ಎಲೆಕ್ಟ್ರಾನಿಕ್ ವರದಿ: ಹಡಗಿನಲ್ಲಿ ಏನಿದೆ, ಎಷ್ಟು ಜನರಿದ್ದಾರೆ, ಎಲ್ಲಿಗೆ ಹೊರಟಿದೆ ಎಂಬುದನ್ನು ಒಮ್ಮೆ ಬರೆದು ಕಳಿಸಿದರೆ ದಾರಿಯುದ್ದಕ್ಕೂ ಬೇಕಾದ ಕಚೇರಿಗಳಿಗೆ ಅದೇ ತಲುಪುತ್ತದೆ. ಅಪಾಯಕಾರಿ ರಾಸಾಯನಿಕ ಸಾಗಿಸುವಾಗ ಇದು ಬಹಳ ಮುಖ್ಯ. ಅಪಘಾತವಾದರೆ ಒಳಗೆ ಏನಿದೆ ಎಂದು ರಕ್ಷಣಾ ಪಡೆಗೆ ಹತ್ತಿರ ಹೋಗುವ ಮೊದಲೇ ಗೊತ್ತಿರುತ್ತದೆ.

ಗಮನಿಸಬೇಕಾದ ಒಂದು ವಿಷಯವಿದೆ. ಇದು ವಿಮಾನಗಳಿಗೆ ಇರುವಂತಹ ನಿಯಂತ್ರಣ ಕೇಂದ್ರವಲ್ಲ. ಮಾಹಿತಿ ಕೊಡುವುದು ಸೇವೆಯ ಕೆಲಸ, ಹಡಗನ್ನು ಹೇಗೆ ನಡೆಸಬೇಕು ಎಂಬ ತೀರ್ಮಾನ ಮತ್ತು ಹೊಣೆ ಕ್ಯಾಪ್ಟನ್‌ದೇ.

ಯುರೋಪ್ ಕಲಿತ ಪಾಠ: ಒಂದೇ ನದಿ, ಹತ್ತು ದೇಶ

ಡ್ಯಾನ್ಯೂಬ್ ನದಿ ಹತ್ತು ದೇಶಗಳನ್ನು ಹಾದುಹೋಗುತ್ತದೆ. ಪ್ರತಿ ದೇಶವೂ ತನ್ನದೇ ನಕ್ಷೆ, ತನ್ನದೇ ನಮೂನೆ, ತನ್ನದೇ ಭಾಷೆ ಇಟ್ಟುಕೊಂಡರೆ ಕ್ಯಾಪ್ಟನ್ ಪ್ರತಿ ಗಡಿಯಲ್ಲೂ ಹೊಸದಾಗಿ ಕಲಿಯಬೇಕು, ಅದೇ ವಿವರವನ್ನು ಮತ್ತೆ ಮತ್ತೆ ಬರೆಯಬೇಕು. ಮಂಗಳೂರಿನಿಂದ ಮುಂಬೈಗೆ ಹೊರಟ ಲಾರಿ ಚಾಲಕನಿಗೆ ಪ್ರತಿ ರಾಜ್ಯದಲ್ಲೂ ಬೇರೆ ಬಣ್ಣದ ಸಿಗ್ನಲ್ ಎದುರಾದರೆ ಹೇಗೋ ಹಾಗೆ.

ಹೀಗಾಗಿ ಯುರೋಪಿಯನ್ ಒಕ್ಕೂಟ 2005ರ ಸೆಪ್ಟೆಂಬರ್‌ನಲ್ಲಿ ನದಿ ಮಾಹಿತಿ ಸೇವೆಗೆ ಸಮಾನ ನಿಯಮಗಳ ನಿರ್ದೇಶನ ಹೊರಡಿಸಿತು. ಅದರ ತಿರುಳು ಸರಳ. ಪ್ರತಿ ದೇಶ ತನ್ನ ವ್ಯವಸ್ಥೆಯನ್ನು ತಾನೇ ನಡೆಸಲಿ, ಆದರೆ ಎಲ್ಲರ ದತ್ತಾಂಶವೂ ಒಂದೇ ನಮೂನೆಯಲ್ಲಿ ಇರಲಿ. ನಾವಿಕರಿಗೆ ಕೊಡುವ ಸೂಚನೆಗಳನ್ನು ಸಂಕೇತಗಳಲ್ಲಿ ಬರೆಯುವುದರಿಂದ ಹಂಗೇರಿಯಲ್ಲಿ ಹೊರಡಿಸಿದ ಸೂಚನೆಯನ್ನು ಜರ್ಮನ್ ನಾವಿಕ ತನ್ನ ಭಾಷೆಯಲ್ಲೇ ಓದಬಹುದು. ಅನುವಾದಕ ಬೇಕಿಲ್ಲ.

ರೈನ್ ನದಿಯಲ್ಲಿ 2014ರ ಡಿಸೆಂಬರ್ 1ರಿಂದ ಎಐಎಸ್ ಉಪಕರಣವೂ ಎಲೆಕ್ಟ್ರಾನಿಕ್ ನಕ್ಷೆಯೂ ಹಡಗುಗಳಿಗೆ ಕಡ್ಡಾಯವಾದವು. 2022ರಲ್ಲಿ 13 ದೇಶಗಳು ಸೇರಿ 'ಯುರಿಸ್' ಎಂಬ ಒಂದೇ ಪೋರ್ಟಲ್ ಆರಂಭಿಸಿದವು. ನೀರಿನ ಮಟ್ಟ, ಲಾಕ್‌ಗಳ ಸ್ಥಿತಿ, ದಾರಿಯ ಅಡೆತಡೆಗಳನ್ನು ಅಲ್ಲಿ ಒಟ್ಟಿಗೆ ನೋಡಿ ಪ್ರಯಾಣ ಯೋಜಿಸಬಹುದು. ತನ್ನ ಹಡಗಿನ ಜಾಡು ಯಾರಿಗೆ ಕಾಣಬೇಕು ಎಂಬುದಕ್ಕೆ ಮಾಲೀಕನ ಒಪ್ಪಿಗೆ ಬೇಕು.

ಇಷ್ಟೆಲ್ಲ ಇದ್ದರೂ ನೀರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2018ರ ಬರಗಾಲ ತೋರಿಸಿತು. ಜರ್ಮನಿಯ ಕೌಬ್ ಎಂಬಲ್ಲಿ ರೈನ್ ನದಿ ತೀರಾ ತೆಳುವಾಗುತ್ತದೆ. ಅಲ್ಲಿನ ಮಾಪಕ 78 ಸೆಂ.ಮೀ. ತೋರಿಸಿದರೆ ಹಡಗಿನ ದಾರಿಯಲ್ಲಿ 1.90 ಮೀಟರ್ ಆಳವಿದೆ ಎಂದು ಲೆಕ್ಕ. 2018ರ ಅಕ್ಟೋಬರ್‌ನಲ್ಲಿ ಮಾಪಕ 25 ಸೆಂ.ಮೀ.ಗೆ ಇಳಿಯಿತು. ಅಂದರೆ ದಾರಿಯ ಆಳ ಸುಮಾರು 1.4 ಮೀಟರ್. ಹಡಗುಗಳು ಅಲ್ಪಸ್ವಲ್ಪ ಸರಕನ್ನಷ್ಟೇ ಹೊತ್ತು ಸಾಗಬೇಕಾಯಿತು. ನದಿಯನ್ನೇ ನಂಬಿದ್ದ ರಾಸಾಯನಿಕ ಕಂಪನಿ ಬಿಎಎಸ್ಎಫ್ ತನಗೆ ಸುಮಾರು 25 ಕೋಟಿ ಯೂರೋ ನಷ್ಟವಾಯಿತು ಎಂದು ಲೆಕ್ಕ ಕೊಟ್ಟಿತು. ಆ ಬಳಿಕ ಕಂಪನಿ ಜರ್ಮನಿಯ ಜಲವಿಜ್ಞಾನ ಸಂಸ್ಥೆಯ ಜೊತೆ ಸೇರಿ ನೀರು ಇಳಿಯುವುದನ್ನು ವಾರಗಳ ಮೊದಲೇ ತಿಳಿಸುವ ಮುನ್ಸೂಚನಾ ವ್ಯವಸ್ಥೆ ರೂಪಿಸಿಕೊಂಡಿತು. ಮಾಹಿತಿ ಸೇವೆ ನೀರನ್ನು ಹೆಚ್ಚಿಸುವುದಿಲ್ಲ, ಕಡಿಮೆ ನೀರಿಗೆ ಸಿದ್ಧವಾಗಲು ಸಮಯ ಕೊಡುತ್ತದೆ.

ಗಂಗೆಯಲ್ಲಿ ಏನಾಗಿದೆ?

ಭಾರತದ ಮೊದಲ ನದಿ ಮಾಹಿತಿ ವ್ಯವಸ್ಥೆಯನ್ನು 2016ರ ಜನವರಿಯಲ್ಲಿ ಅಂದಿನ ಹಡಗು ಸಾರಿಗೆ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಮೊದಲ ಹಂತದಲ್ಲಿ ಹಲ್ದಿಯಾದಿಂದ ಫರಕ್ಕಾವರೆಗೆ. ನಂತರದ ಹಂತಗಳಲ್ಲಿ ಫರಕ್ಕಾದಿಂದ ಪಟ್ನಾ, ಪಟ್ನಾದಿಂದ ವಾರಾಣಸಿವರೆಗೆ ವಿಸ್ತರಿಸುವುದು ಯೋಜನೆ. ದಡದಲ್ಲಿ ನಿಲ್ಲಿಸಿದ ಗೋಪುರಗಳು ಹಡಗುಗಳ ಎಐಎಸ್ ಸಂಕೇತ ಹಿಡಿದು ನಿಯಂತ್ರಣ ಕೊಠಡಿಗೆ ಕಳಿಸುತ್ತವೆ.

ಇದರ ಜೊತೆಗೇ ವಿಶ್ವಬ್ಯಾಂಕ್ ನೆರವಿನ ಜಲ ಮಾರ್ಗ ವಿಕಾಸ ಯೋಜನೆ ನಡೆಯುತ್ತಿದೆ. ಹಲ್ದಿಯಾದಿಂದ ಬಿಹಾರದ ಬಾಢ್‌ವರೆಗೆ 3 ಮೀಟರ್, ಬಾಢ್‌ನಿಂದ ಗಾಜೀಪುರದವರೆಗೆ 2.5 ಮೀಟರ್, ಅಲ್ಲಿಂದ ವಾರಾಣಸಿವರೆಗೆ 2.2 ಮೀಟರ್ ಆಳ ಕಾಯ್ದುಕೊಳ್ಳುವುದು ಅದರ ಗುರಿ. 2018ರ ನವೆಂಬರ್‌ನಲ್ಲಿ ವಾರಾಣಸಿ ಟರ್ಮಿನಲ್ ಉದ್ಘಾಟನೆಯಾದಾಗ ಕೋಲ್ಕತ್ತಾದಿಂದ 16 ಕಂಟೇನರ್ ಹೊತ್ತ 'ಎಂ.ವಿ. ರವೀಂದ್ರನಾಥ ಟ್ಯಾಗೋರ್' ಅಲ್ಲಿಗೆ ತಲುಪಿತ್ತು.

ಆಳದ ವಿವರ ಎಲ್ಲರಿಗೂ ಸಿಗಲೆಂದು ಪ್ರಾಧಿಕಾರ 2018ರಲ್ಲಿ 'ಲ್ಯಾಡಿಸ್' ಎಂಬ ಪೋರ್ಟಲ್ ತಂದಿತು. ಸಮೀಕ್ಷಾ ದೋಣಿಗಳು ಅಳೆದು ತಂದ ಕನಿಷ್ಠ ಆಳವನ್ನು ಜಲಮಾರ್ಗದ ಭಾಗವಾರು ಇಲ್ಲಿ ಪ್ರಕಟಿಸುತ್ತಾರೆ. ಸರಕು ಮತ್ತು ಕ್ರೂಸ್ ಸಂಚಾರದ ಅಂಕಿಅಂಶಕ್ಕೆ 'ಕಾರ್-ಡಿ', ಜೆಟ್ಟಿ, ಟರ್ಮಿನಲ್, ಸೇತುವೆ, ದಾರಿಯ ವಿವರಗಳಿಗೆ 'ಪಾನಿ' ಎಂಬ ಪೋರ್ಟಲ್‌ಗಳಿವೆ.

ಗಂಗೆಯ ಸಮಸ್ಯೆಗಳು ಮಾತ್ರ ರೈನ್‌ನವಲ್ಲ. ಇಲ್ಲಿ ನದಿ ಹೊತ್ತು ತರುವ ಮರಳು ಅಪಾರ, ಹಡಗಿನ ದಾರಿ ವಾರಗಳಲ್ಲೇ ಪಕ್ಕಕ್ಕೆ ಸರಿಯುತ್ತದೆ. ನೀರನ್ನು ಒಂದೆಡೆ ಕೂಡಿಸಲು ಬಿದಿರಿನ ತಡಿಕೆ ನೆಡುವ 'ಬಂಡಾಲಿಂಗ್' ಎಂಬ ಹಳೆಯ ವಿಧಾನ ಇಂದಿಗೂ ಬಳಕೆಯಲ್ಲಿದೆ. ಮಳೆಗಾಲ ಮುಗಿದ ಮೇಲೆ ಬಿಹಾರ, ಉತ್ತರ ಪ್ರದೇಶಗಳಲ್ಲಿ ನದಿಗೆ ಅಡ್ಡಲಾಗಿ ತೇಲು ಸೇತುವೆ ಕಟ್ಟುತ್ತಾರೆ. ಹಡಗು ಬಂದಾಗ ಅದನ್ನು ಬಿಚ್ಚಿ ದಾರಿ ಬಿಡಬೇಕು. ಹಡಗು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಸೇತುವೆಯವರಿಗೂ, ಸೇತುವೆ ಯಾವಾಗ ತೆರೆಯುತ್ತದೆ ಎಂದು ಹಡಗಿನವರಿಗೂ ಗೊತ್ತಿರಬೇಕು. ಇದು ದುಬಾರಿ ಉಪಕರಣದ ಪ್ರಶ್ನೆಯಲ್ಲ, ಎರಡು ಇಲಾಖೆಗಳು ಮಾತಾಡಿಕೊಳ್ಳುವ ಪ್ರಶ್ನೆ.

2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ 'ಗಂಗಾ ವಿಲಾಸ್' ಕ್ರೂಸ್ ಬಿಹಾರದ ಛಪ್ರಾ ಬಳಿ ದಡಕ್ಕೆ ಬರಲಿಲ್ಲ. ಪ್ರವಾಸಿಗರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯಲಾಯಿತು. ಹಡಗು ಸಿಲುಕಿಕೊಂಡಿದೆ ಎಂಬ ಸುದ್ದಿ ಹರಡಿತು. ಅಧಿಕಾರಿಗಳು ಅದನ್ನು ಅಲ್ಲಗಳೆದು, ಆಳವಿರುವ ಮುಖ್ಯ ಹರಿವಿನಲ್ಲಿ ಲಂಗರು ಹಾಕಲಾಗಿದೆ ಎಂದರು. ಗಂಗೆಯಲ್ಲಿ ಒಂದು ಹಡಗಿನ ಪ್ರಯಾಣ ಆಳದ ಲೆಕ್ಕಕ್ಕೆ ಎಷ್ಟು ಕಟ್ಟುಬಿದ್ದಿದೆ ಎಂಬುದು ಆಗ ದೇಶಕ್ಕೆಲ್ಲ ಕಂಡಿತು.

ಹಂಚಿಕೊಂಡರೆ ಯಾರಿಗೆ ಏನು ಲಾಭ?

- ಕ್ಯಾಪ್ಟನ್‌ಗೆ: ಎಲ್ಲಿ ನಿಧಾನಿಸಬೇಕು, ಎಲ್ಲಿ ಎದುರು ಹಡಗಿಗೆ ದಾರಿ ಬಿಡಬೇಕು ಎಂಬುದು ಮುಂಚಿತವಾಗಿ ತಿಳಿಯುತ್ತದೆ. ಲಾಕ್ ತೆರೆಯಲು ಮೂರು ಗಂಟೆ ಇದೆ ಎಂದು ಗೊತ್ತಾದರೆ ವೇಗ ತಗ್ಗಿಸಿ ಡೀಸೆಲ್ ಉಳಿಸಬಹುದು.
- ಟರ್ಮಿನಲ್‌ಗೆ: ಹಡಗು ತಲುಪುವ ಹೊತ್ತಿಗೆ ಕ್ರೇನ್, ಕಾರ್ಮಿಕರು, ಲಾರಿಗಳನ್ನು ಸಜ್ಜು ಮಾಡಬಹುದು.
- ಸರಕಿನ ಮಾಲೀಕನಿಗೆ: ಎಷ್ಟು ಟನ್ ಕಳಿಸಬಹುದು, ಯಾವಾಗ ತಲುಪುತ್ತದೆ ಎಂಬ ಭರವಸೆ ಸಿಗುತ್ತದೆ. ಈ ಭರವಸೆ ಇಲ್ಲದ್ದರಿಂದಲೇ ಹಲವರು ದುಬಾರಿಯಾದರೂ ಲಾರಿಯನ್ನೇ ನೆಚ್ಚುತ್ತಾರೆ.
- ಪ್ರಾಧಿಕಾರಕ್ಕೆ: ಎಲ್ಲಿ ಮೊದಲು ಹೂಳೆತ್ತಬೇಕು ಎಂಬುದು ಅಂದಾಜಿನ ಬದಲು ಅಳತೆಯಿಂದ ನಿರ್ಧಾರವಾಗುತ್ತದೆ.
- ರಕ್ಷಣಾ ಪಡೆಗೆ: ಅಪಘಾತದ ಜಾಗ, ಹಡಗಿನಲ್ಲಿರುವ ಜನ, ಸರಕಿನ ವಿವರ ಕೂಡಲೇ ಸಿಗುತ್ತದೆ.

ಈ ಪಟ್ಟಿಯಲ್ಲಿ ಪ್ರತಿಯೊಬ್ಬರೂ ಪಡೆಯುವವರೂ ಹೌದು, ಕೊಡುವವರೂ ಹೌದು. ಕ್ಯಾಪ್ಟನ್ ಎಐಎಸ್ ಆಫ್ ಮಾಡಿದರೆ ಎದುರಿನವನಿಗೆ ಅಪಾಯ. ಸಮೀಕ್ಷೆಯ ವರದಿ ಕಚೇರಿಯ ಕಡತದಲ್ಲೇ ಉಳಿದರೆ ಹಡಗಿನವನಿಗೆ ಅದು ಇಲ್ಲದಂತೆಯೇ. ಉಪಕರಣ ಕೊಳ್ಳುವುದಕ್ಕಿಂತ ದಿನದಿನವೂ ತಪ್ಪದೆ, ಸುಳ್ಳಿಲ್ಲದೆ ಮಾಹಿತಿ ತುಂಬುವ ಶಿಸ್ತು ಕಷ್ಟ. ಹದಿನೈದು ದಿನ ಹಳೆಯ ಆಳವನ್ನು ಇಂದಿನದೆಂದು ನಂಬಿ ಹೊರಟವನು ಏನೂ ಗೊತ್ತಿಲ್ಲದೆ ಹೊರಟವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ, ಏಕೆಂದರೆ ಗೊತ್ತಿಲ್ಲದವನು ಕನಿಷ್ಠ ಕೋಲು ಇಳಿಸಿ ನೋಡುತ್ತಾನೆ.

ಪರದೆಯಲ್ಲಿ ಕಾಣದ ದೋಣಿಗಳು

ಈ ವ್ಯವಸ್ಥೆಯ ಅತಿದೊಡ್ಡ ಮಿತಿ ಇದು: ಉಪಕರಣ ಇರುವ ಹಡಗು ಮಾತ್ರ ಪರದೆಯಲ್ಲಿ ಕಾಣುತ್ತದೆ. ಗಂಗೆ, ಬ್ರಹ್ಮಪುತ್ರಗಳಲ್ಲಿ ದಿನವೂ ಜನರನ್ನು ದಾಟಿಸುವ, ಮೀನು ಹಿಡಿಯುವ, ಮರಳು ಸಾಗಿಸುವ ನಾಡದೋಣಿಗಳಲ್ಲಿ ಎಐಎಸ್ ಇರುವುದಿಲ್ಲ. ಯುರೋಪಿನಲ್ಲೂ 20 ಮೀಟರ್‌ಗಿಂತ ಚಿಕ್ಕ ದೋಣಿಗಳಲ್ಲಿ ಬಹುತೇಕಕ್ಕೆ ವಿನಾಯಿತಿ ಇದೆ. ಆದರೆ ಅಲ್ಲಿ ಅಂಥ ದೋಣಿಗಳು ಬಹುಪಾಲು ವಿಹಾರಕ್ಕೆ, ಇಲ್ಲಿ ಹೊಟ್ಟೆಪಾಡಿಗೆ. ದೊಡ್ಡ ಬಾರ್ಜ್‌ನ ಕ್ಯಾಪ್ಟನ್ ಪರದೆ ಖಾಲಿ ಇದೆ ಎಂದು ನಂಬಿ ವೇಗ ಹೆಚ್ಚಿಸಿದರೆ ಅಪಾಯ ಯಾರಿಗೆ ಎಂಬುದು ಸ್ಪಷ್ಟ.

2021ರ ಸೆಪ್ಟೆಂಬರ್ 8ರಂದು ಅಸ್ಸಾಮಿನ ಜೋರ್ಹಾಟ್ ಬಳಿಯ ನಿಮಾತಿ ಘಾಟ್‌ನಲ್ಲಿ ಎರಡು ಪ್ರಯಾಣಿಕ ದೋಣಿಗಳು ಡಿಕ್ಕಿಯಾಗಿ ಒಂದು ಮುಳುಗಿತು, ಪ್ರಾಣಹಾನಿಯಾಯಿತು. ಮಾಜುಲಿ ದ್ವೀಪದ ಜನರಿಗೆ ದಿನನಿತ್ಯದ ದಾರಿ ಅದು. ನದಿ ಸುರಕ್ಷತೆಯ ಮಾತು ಸರಕು ಹಡಗುಗಳಿಗಷ್ಟೇ ಸೀಮಿತವಾಗಬಾರದು ಎಂಬುದಕ್ಕೆ ಇದು ಸಾಕ್ಷಿ. ಬ್ರಿಟಿಷರ ಕಾಲದ 1917ರ ಕಾನೂನಿನ ಜಾಗದಲ್ಲಿ ಬಂದ 2021ರ ಒಳನಾಡು ಹಡಗು ಕಾಯ್ದೆ ದೇಶಕ್ಕೆಲ್ಲ ಒಂದೇ ನೋಂದಣಿ ನಿಯಮ, ಹಡಗು ಮತ್ತು ಸಿಬ್ಬಂದಿಯ ಕೇಂದ್ರೀಯ ದತ್ತಾಂಶ ಕೋಶಕ್ಕೆ ಅವಕಾಶ ಮಾಡಿದೆ. ಎಂಜಿನ್ ಇಲ್ಲದ ದೋಣಿಗಳನ್ನೂ ಅದು ಒಳಗೊಳ್ಳುತ್ತದೆ. ಈ ದತ್ತಾಂಶ ನದಿ ಮಾಹಿತಿ ಸೇವೆಗೆ ಜೋಡಣೆಯಾದರೆ ಮಾತ್ರ ಪೂರ್ಣ ಪ್ರಯೋಜನ.

ಇನ್ನೂ ಕೆಲವು ಮಿತಿಗಳಿವೆ. ಉಪಗ್ರಹ ಸಂಕೇತ, ರೇಡಿಯೋ ಅಲೆ ಎಲ್ಲೆಡೆ ಒಂದೇ ಸಮ ಸಿಗುವುದಿಲ್ಲ. ಯಾರ ಸರಕು ಎಲ್ಲಿಗೆ ಹೋಗುತ್ತಿದೆ ಎಂಬುದು ವ್ಯಾಪಾರದ ಗುಟ್ಟು, ಅದು ಎಲ್ಲರಿಗೂ ಕಾಣುವಂತಿರಬಾರದು. ಅತಿಭಾರ, ಹಳೆಯ ಎಂಜಿನ್, ಲೈಫ್ ಜಾಕೆಟ್ ಇಲ್ಲದ ಪ್ರಯಾಣ ಇವು ಯಾವ ಪೋರ್ಟಲ್‌ನಿಂದಲೂ ಸರಿಯಾಗುವುದಿಲ್ಲ.

ಕರ್ನಾಟಕದ ನದಿಗಳಿಗೆ ಏನು ಪ್ರಯೋಜನ?

111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿ ಕಾಳಿ, ಶರಾವತಿ, ಪಂಚಗಂಗಾವಳಿ, ಗುರುಪುರ, ನೇತ್ರಾವತಿ, ಕಬಿನಿ, ತುಂಗಭದ್ರಾ, ಭೀಮಾ, ಘಟಪ್ರಭಾ, ಮಲಪ್ರಭಾ ಹೆಸರುಗಳೂ ಇವೆ. ಒಳನಾಡಿನ ನದಿಗಳಲ್ಲಿ ಅಣೆಕಟ್ಟು, ಬಂಡೆ, ಬೇಸಿಗೆಯ ಬತ್ತುವಿಕೆಯಿಂದಾಗಿ ದೊಡ್ಡ ಬಾರ್ಜ್ ಓಡಿಸುವುದು ಸುಲಭದ ಮಾತಲ್ಲ. ನೆರೆಯ ಗೋವಾದ ಮಾಂಡೋವಿ, ಜುವಾರಿಗಳಲ್ಲಿ ಅದಿರು ಬಾರ್ಜ್‌ಗಳು, ಮಹಾರಾಷ್ಟ್ರದ ಅಂಬಾ ನದಿಯ ಧರಮ್‌ತರ್‌ಗೆ ಸರಕು ಬಾರ್ಜ್‌ಗಳು ಓಡುವ ಪ್ರಮಾಣಕ್ಕೆ ನಮ್ಮ ನದಿಗಳನ್ನು ಹೋಲಿಸಲಾಗದು.

ಆದರೆ ಮಾಹಿತಿ ಹಂಚಿಕೆಯ ಲಾಭಕ್ಕೆ ಬಾರ್ಜ್‌ಗಳೇ ಬೇಕೆಂದಿಲ್ಲ. ಕರಾವಳಿಯ ಮೀನುಗಾರರಿಗೆ ಅಳಿವೆ ಬಾಗಿಲಿನ ಹೂಳು ಹಳೆಯ ತಲೆನೋವು. ಹೊನ್ನಾವರ, ಗಂಗೊಳ್ಳಿ, ಮಂಗಳೂರಿನಲ್ಲಿ ನದಿ ಸಮುದ್ರ ಸೇರುವಲ್ಲಿ ಮರಳು ತುಂಬಿ ದೋಣಿಗಳು ಸಿಲುಕುವ ಸುದ್ದಿ ಆಗಾಗ ಬರುತ್ತದೆ. ಅಳಿವೆಯ ಆಳವನ್ನು ನಿಯಮಿತವಾಗಿ ಅಳೆದು, ಭರತ ಇಳಿತದ ಹೊತ್ತಿನ ಜೊತೆ ಮೊಬೈಲ್‌ಗೆ ಕಳಿಸಿದರೆ ಲಂಗರು ಎತ್ತುವ ಮೊದಲೇ ನಿರ್ಧರಿಸಬಹುದು. ಇದು ಹೊಸ ಕಲ್ಪನೆಯೇನಲ್ಲ. ಹೈದರಾಬಾದ್‌ನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್ ಮೀನು ಸಿಗುವ ಜಾಗ, ಅಲೆಗಳ ಮುನ್ಸೂಚನೆಯನ್ನು ವರ್ಷಗಳಿಂದ ಕನ್ನಡ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಮೀನುಗಾರರಿಗೆ ನೀಡುತ್ತಿದೆ. ನೇತ್ರಾವತಿ, ಗುರುಪುರ ನದಿಗಳಲ್ಲಿ ಮಂಗಳೂರು ವಾಟರ್ ಮೆಟ್ರೋ ಪ್ರಸ್ತಾವವೂ ಇದೆ. ಅದು ಜಾರಿಯಾದರೆ ಪ್ರಯಾಣಿಕರ ದೋಣಿ, ಮೀನುಗಾರಿಕೆ ದೋಣಿ, ಬೆಂಗ್ರೆಯ ಫೆರಿ ಎಲ್ಲವೂ ಅದೇ ನೀರಿನಲ್ಲಿ ಸಾಗಬೇಕು. ದೋಣಿ ಖರೀದಿಗೆ ಟೆಂಡರ್ ಕರೆಯುವಾಗಲೇ ಈ ಮೂವರಿಗೂ ತಲುಪುವ ಮಾಹಿತಿ ಸೇವೆಗೂ ಹಣ ಇಡಬೇಕಾಗುತ್ತದೆ.

ಓದುಗರ ಸಾಮಾನ್ಯ ಪ್ರಶ್ನೆಗಳು

ಜನಸಾಮಾನ್ಯರು ಈ ಮಾಹಿತಿ ನೋಡಬಹುದೇ?
ಆಳದ ವಿವರವನ್ನು ಒಳನಾಡು ಜಲಮಾರ್ಗ ಪ್ರಾಧಿಕಾರದ ಜಾಲತಾಣದಲ್ಲಿ, ಯುರೋಪಿನ ನದಿಗಳ ಮೂಲ ಮಾಹಿತಿಯನ್ನು ಯುರಿಸ್ ಪೋರ್ಟಲ್‌ನಲ್ಲಿ ನೋಡಬಹುದು. ಸರಕಿನ ವಿವರ ಎಲ್ಲರಿಗೂ ತೆರೆದಿರುವುದಿಲ್ಲ.

ಜಿಪಿಎಸ್ ಇರುವ ಮೊಬೈಲ್ ಇದ್ದರೆ ಸಾಲದೇ?
ಸಾಲದು. ನೀವು ಎಲ್ಲಿದ್ದೀರಿ ಎಂದು ಮೊಬೈಲ್ ಹೇಳುತ್ತದೆ. ನಿಮ್ಮ ಕೆಳಗೆ ಎಷ್ಟು ನೀರಿದೆ, ತಿರುವಿನ ಆಚೆಯಿಂದ ಯಾರು ಬರುತ್ತಿದ್ದಾರೆ ಎಂದು ಹೇಳುವುದಿಲ್ಲ.

ಜಲಸಾರಿಗೆ ನಿಜಕ್ಕೂ ಅಗ್ಗವೇ?
ಒಂದು ಲೀಟರ್ ಇಂಧನದಲ್ಲಿ ಒಂದು ಟನ್ ಸರಕನ್ನು ರಸ್ತೆಯಲ್ಲಿ 24 ಕಿ.ಮೀ., ರೈಲಿನಲ್ಲಿ 85 ಕಿ.ಮೀ., ಜಲಮಾರ್ಗದಲ್ಲಿ 105 ಕಿ.ಮೀ. ಸಾಗಿಸಬಹುದು ಎಂಬ ಲೆಕ್ಕವನ್ನು ಸರ್ಕಾರ ಕೊಡುತ್ತದೆ. ಆದರೆ ಹಡಗು ಪೂರ್ತಿ ತುಂಬಿ, ನಡುದಾರಿಯಲ್ಲಿ ನಿಲ್ಲದೆ ಸಾಗಿದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅರ್ಧ ತುಂಬಿದ ಬಾರ್ಜ್ ಮರಳಿನ ದಿಬ್ಬದ ಮುಂದೆ ಮೂರು ದಿನ ಕಾದರೆ ಲಾರಿಯೇ ಅಗ್ಗವಾಗಿಬಿಡಬಹುದು.